ಕಾರಿನ ಪೇಂಟ್ ಮೇಲೆ ಕಲೆ, ಗೀರು, ಗುಳ್ಳೆ: ಪಾಲಿಶ್ ಡಬ್ಬಿಗೆ ಕೈ ಹಾಕುವ ಮೊದಲು ನೋಡಬೇಕಾದದ್ದು

ಕಾರಿನ ಮೇಲೆ ಏನೋ ಒಂದು ಗುರುತು ಕಂಡರೆ ಸಾಕು, ನಮ್ಮ ಕೈ ನೇರ ಪಾಲಿಶ್ ಡಬ್ಬಿಗೆ ಹೋಗುತ್ತದೆ. ಉಜ್ಜಿದರೆ ಹೋಗುತ್ತೆ ಅಂತ ನಂಬಿಕೆ. ಬರೀ ನೀರಿಗೆ ಹೋಗುವ ಕಲೆಗೂ ಪಾಲಿಶ್, ಏನು ಮಾಡಿದರೂ ಹೋಗದ ಗುಳ್ಳೆಗೂ ಪಾಲಿಶ್. ಪ್ರತಿ ಸಲ ಉಜ್ಜಿದಾಗಲೂ ಕಾರಿನ ಮೇಲ್ಪದರ ಒಂಚೂರು ಸವೆಯುತ್ತದೆ. ಸವೆದದ್ದು ಮತ್ತೆ ಬರುವುದಿಲ್ಲ.

ಆ ಪದರ ಎಷ್ಟು ತೆಳು ಅಂತ ಗೊತ್ತಾದರೆ ಕೈ ತಾನಾಗಿಯೇ ಹಗುರವಾಗುತ್ತದೆ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ. ಅದರ ಮೇಲೆ ಪ್ರೈಮರ್. ಆಮೇಲೆ ಬಣ್ಣ. ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50. ನಮ್ಮ ತಲೆಗೂದಲು ಹತ್ತಿರ ಹತ್ತಿರ 70 ಮೈಕ್ರಾನ್ ದಪ್ಪ. ಅಂದರೆ ಕಾರಿನ ಹೊಳಪೆಲ್ಲ ನಿಂತಿರುವುದು ಒಂದು ಕೂದಲಿಗಿಂತ ತೆಳುವಾದ ಪದರದ ಮೇಲೆ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ.

ಹಾಗಾಗಿ ಯಾವ ಗುರುತು ಕಂಡರೂ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ. ಇದು ಪೇಂಟಿನ ಮೇಲೆ ಕೂತಿದೆಯಾ, ಕ್ಲಿಯರ್ ಕೋಟ್ ಒಳಗೆ ಇಳಿದಿದೆಯಾ, ಇಲ್ಲಾ ಅಡಿಯಿಂದ ಎದ್ದು ಬಂದಿದೆಯಾ? ಮೇಲೆ ಕೂತಿದ್ದರೆ ತೊಳೆದು ತೆಗೆಯಬಹುದು. ಒಳಗೆ ಇಳಿದಿದ್ದರೆ ಪಾಲಿಶ್ ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತದೆ. ಅಡಿಯಿಂದ ಬಂದಿದ್ದರೆ ಪಾಲಿಶ್ ಹಾಕಿ ಪ್ರಯೋಜನವಿಲ್ಲ.

ಮೊದಲು ತೊಳೆದು ನೋಡಿ

ಕೊಳೆ ಇರುವ ಕಾರಿನ ಮೇಲೆ ದೋಷ ಹುಡುಕಲು ಆಗುವುದಿಲ್ಲ. ಕಾರನ್ನು ನೆರಳಿಗೆ ತನ್ನಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬಿಸಿ ಇದ್ದರೆ ಶಾಂಪೂ ಅಲ್ಲೇ ಒಣಗಿ ಇನ್ನೊಂದು ಕಲೆ ಹುಟ್ಟುತ್ತದೆ.

ಮೊದಲು ಬರೀ ನೀರು ಬಿಟ್ಟು ಮರಳು, ಧೂಳು ಹರಿದು ಹೋಗಲು ಬಿಡಿ. ಬಟ್ಟೆ ಮುಟ್ಟಿಸುವುದು ಅದರ ನಂತರ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಗಳಿಗೆ ಬೇರೆಯದೇ ಬಟ್ಟೆ ಇರಲಿ. ಪಾತ್ರೆ ಸೋಪು ಬೇಡ, ಅದು ಜಿಡ್ಡಿನ ಜೊತೆ, ಪೇಂಟ್ ಕಾಯಲು ಮೇಲೆ ಹಚ್ಚಿದ ಮೇಣವನ್ನೂ (ವ್ಯಾಕ್ಸ್) ಎಳೆದುಕೊಂಡು ಹೋಗುತ್ತದೆ. ಕೊನೆಗೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಉಜ್ಜಬೇಡಿ, ಬಟ್ಟೆ ಹರಡಿ ನೀರು ಹೀರಿಸಿದರೆ ಸಾಕು. ಕಾರು ಹೊರಗೆ ತೆಗೆದಾಗ ಮೊದಲ ಸ್ವಲ್ಪ ದೂರ ನಿಧಾನವಾಗಿ ಹೋಗಿ, ಬ್ರೇಕನ್ನು ಹಗುರವಾಗಿ ಒತ್ತಿ ನೋಡಿಕೊಳ್ಳಿ. ಒದ್ದೆ ಬ್ರೇಕ್ ಮೊದಲ ಸಲ ಸರಿಯಾಗಿ ಹಿಡಿಯದೆ ಇರಬಹುದು.

ಈಗ ಒಂದು ಟಾರ್ಚ್ ತೆಗೆದುಕೊಂಡು ಓರೆಯಾಗಿ ಹಿಡಿದು ನೋಡಿ. ನೀವು ಕಂಡಿದ್ದ ಗುರುತುಗಳಲ್ಲಿ ಕೆಲವು ಇಷ್ಟರಲ್ಲೇ ಹೋಗಿರುತ್ತವೆ.

ಕಾರು ಮಂಕಾಗಿದೆ, ತೊಳೆದರೂ ಹೊಳಪು ಬರುತ್ತಿಲ್ಲ

ನೀರಿನಿಂದ ಶುರು ಮಾಡಿ. ತೊಳೆದ ಬಾನೆಟ್ ಮೇಲೆ ಒಂದು ಮಗ್ ನೀರು ಸುರಿಯಿರಿ. ಗುಂಡು ಗುಂಡು ಹನಿಯಾಗಿ ಉರುಳಿದರೆ ವ್ಯಾಕ್ಸ್ ಇನ್ನೂ ಇದೆ. ಚಪ್ಪಟೆಯಾಗಿ ಹರಡಿ ಅಲ್ಲೇ ನಿಂತರೆ ವ್ಯಾಕ್ಸ್ ಮುಗಿದಿದೆ, ಅಥವಾ ಅದರ ಮೇಲೆ ಕೊಳೆಯ ಪೊರೆ ಕೂತಿದೆ. ಮಾಮೂಲಿ ವ್ಯಾಕ್ಸ್ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಇರುತ್ತದೆ, ಅಷ್ಟೇ. ಕಾರು ದಿನವಿಡೀ ಬಿಸಿಲಲ್ಲೇ ನಿಲ್ಲುತ್ತಿದ್ದರೆ ಇನ್ನೂ ಬೇಗ ಹೋಗುತ್ತದೆ.

ಎರಡನೆಯದು ಅಂಗೈ ಪರೀಕ್ಷೆ. ಕೈಗೆ ಒಂದು ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ತೊಳೆದು ಒಣಗಿದ ಪೇಂಟ್ ಮೇಲೆ ಹಗುರವಾಗಿ ಸವರಿ. ಬರಿಗೈಗೆ ಗಾಜಿನ ಹಾಗೆ ನುಣ್ಣಗೆ ಅನಿಸಿದ ಜಾಗವೇ ಈಗ ಸಣ್ಣ ರವೆ ಚೆಲ್ಲಿದ ಹಾಗೆ ಚುರುಚುರು ಅನ್ನಬಹುದು. ಅದು ಪೇಂಟಿಗೆ ಅಂಟಿಕೊಂಡ ಸೂಕ್ಷ್ಮ ಕೊಳೆ. ಶಾಂಪೂಗೆ ಬಗ್ಗುವುದಿಲ್ಲ, ಕ್ಲೇ ಬಾರ್ ಬೇಕು. ಅದಕ್ಕೆಂದೇ ಬರುವ ಸ್ಪ್ರೇಯನ್ನು ಧಾರಾಳವಾಗಿ ಹಾಕಿ, ಜೇಡಿಯಂಥ ಆ ಉಂಡೆಯನ್ನು ಒತ್ತದೆ ಜಾರಿಸಬೇಕು. ಉಂಡೆ ನೆಲಕ್ಕೆ ಬಿದ್ದರೆ ಎತ್ತಿ ತೊಳೆದು ಬಳಸಬೇಡಿ, ಎಸೆದುಬಿಡಿ. ಅದರೊಳಗೆ ಸೇರಿದ ಒಂದು ಮರಳು ಕಣ ಸಾಕು, ಇಡೀ ಡೋರ್ ಗೀರಾಗುತ್ತದೆ. ಕ್ಲೇ ಮಾಡಿದ ಜಾಗದಲ್ಲಿ ವ್ಯಾಕ್ಸ್ ಉಳಿಯುವುದಿಲ್ಲ, ಹಾಗಾಗಿ ಅದೇ ದಿನ ಮತ್ತೆ ಹಾಕಿ.

ಇಷ್ಟಾದರೂ ಮಂಕಾಗಿಯೇ ಇದ್ದರೆ, ಬಿಳಿ ಬಟ್ಟೆಗೆ ಹದವಾದ ಪಾಲಿಶ್ ಸ್ವಲ್ಪ ಹಚ್ಚಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ನಾಲ್ಕು ಸಲ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣವೇ ಬಂತಾ? ಹಾಗಾದರೆ ಅಲ್ಲಿ ಕ್ಲಿಯರ್ ಕೋಟ್ ಇಲ್ಲ. ಹಳೆಯ ಕಾರುಗಳಲ್ಲೂ ಮೆಟಾಲಿಕ್ ಮಿನುಗು ಇಲ್ಲದ ಕೆಲವು ಬಣ್ಣಗಳಲ್ಲೂ ಒಂದೇ ಪದರದ ಪೇಂಟ್ ಇರುತ್ತದೆ. ಅದು ಬಿಸಿಲಿಗೆ ಸುಣ್ಣದ ಹಾಗೆ ಪುಡಿಯಾಗುತ್ತದೆ. ಇಂಥದ್ದು ಪಾಲಿಶ್‌ಗೆ ಚೆನ್ನಾಗಿ ಒಗ್ಗುತ್ತದೆ, ಹೊಳಪು ವಾಪಸ್ ಬರುತ್ತದೆ. ಆದರೆ ಕ್ಲಿಯರ್ ಕೋಟ್ ಇರಬೇಕಾದ ಕಾರಿನಲ್ಲಿ ಬಣ್ಣ ಬಟ್ಟೆಗೆ ಬಂದರೆ ಆ ಪದರ ಅಲ್ಲಿ ಪೂರ್ತಿ ಸವೆದಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ.

ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆಯ ಹಾಗೆ ಗೀರು ಕಾಣುತ್ತದೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಬಹಳಷ್ಟು ಕಾರುಗಳಲ್ಲಿ ಇರುವುದು ಇದೇ. ಅದನ್ನು ಮಾಡುವವರೂ ಕಾರನ್ನು ತುಂಬಾ ಪ್ರೀತಿಯಿಂದ ನೋಡಿಕೊಳ್ಳುವವರೇ.

ನನ್ನ ಮೊದಲ ಕಾರು ಕಪ್ಪು. ದಿನಾ ಬೆಳಿಗ್ಗೆ ಒಣ ಬಟ್ಟೆ ಹಿಡಿದು ಧೂಳು ಒರೆಸದೆ ಹೊರಗೆ ತೆಗೆಯುತ್ತಿರಲಿಲ್ಲ. ಒಂದು ವರ್ಷ ಕಳೆದಿರಬೇಕು, ಒಂದು ರಾತ್ರಿ ಪೆಟ್ರೋಲ್ ಬಂಕಿನ ದೀಪದಡಿ ಕಾರು ನಿಂತಿತ್ತು. ಬಾನೆಟ್ ಮೇಲೆ ದೀಪದ ಬಿಂಬ, ಅದರ ಸುತ್ತ ನೂರಾರು ಎಳೆ ಗೀರುಗಳ ಬಲೆ. ಡೋರುಗಳ ಮೇಲೂ ಅದೇ. ಕೈಗೆ ಎಟುಕದ ಛಾವಣಿಯ ನಡುಭಾಗ ಮಾತ್ರ ಹೊಸದರ ಹಾಗೆ ಕನ್ನಡಿಯಂತಿತ್ತು. ನಾನು ಮುಟ್ಟದ ಜಾಗವೊಂದೇ ಚೆನ್ನಾಗಿ ಉಳಿದಿತ್ತು. ಆವತ್ತು ನಿಜವಾಗಿ ಬೇಜಾರಾಯಿತು.

ಧೂಳು ಅಂದರೆ ಸಣ್ಣ ಕಲ್ಲಿನ ಪುಡಿ. ಒಣ ಬಟ್ಟೆಯಲ್ಲಿ ಒರೆಸುವುದು ಎಂದರೆ ತೀರಾ ನಯವಾದ ಎಮರಿ ಪೇಪರ್‌ನಲ್ಲಿ ಉಜ್ಜಿದ ಹಾಗೆಯೇ. ಈ ಗೀರುಗಳು ನಿಜಕ್ಕೂ ಸುತ್ತು ಸುತ್ತಾಗಿ ಇರುವುದಿಲ್ಲ, ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಮಿಂಚುವುದರಿಂದ ನಮಗೆ ವೃತ್ತದ ಹಾಗೆ ಕಾಣುತ್ತದೆ. ಟಾರ್ಚನ್ನು ಪಕ್ಕಕ್ಕೆ ಸರಿಸಿ ನೋಡಿ, ಬಲೆಯೂ ಜೊತೆಗೇ ಸರಿಯುತ್ತದೆ. ಹಾಗೆ ಸರಿದರೆ ಅದು ತೊಳೆಯುವಾಗ, ಒರೆಸುವಾಗ ಬಿದ್ದ ಗೀರು. ಅದರ ಬದಲು ಅಲೆಅಲೆಯಾಗಿ, ಒಂದೇ ಅಗಲದ ನೆರಳಿನ ಪಟ್ಟಿಗಳು ಕಂಡರೆ ಯಾರೋ ಪಾಲಿಶ್ ಮೆಷಿನ್ ಸರಿಯಾಗಿ ಓಡಿಸಿಲ್ಲ.

ಇದನ್ನು ತೆಗೆಯುವುದಕ್ಕಿಂತ ಹೆಚ್ಚಾಗದಂತೆ ತಡೆಯುವುದು ಅಗ್ಗ. ಒಣಗಿದ ಧೂಳನ್ನು ಒರೆಸಬೇಡಿ. ನೀರು ಬಿಟ್ಟು ತೊಳೆಯಿರಿ, ತೊಳೆಯಲು ಸಮಯ ಇಲ್ಲದಿದ್ದರೆ ಧೂಳು ಹಾಗೇ ಇರಲಿ. ಧೂಳು ಸುಮ್ನೆ ಕೂತಿದ್ದರೆ ಗೀರು ಬೀಳುವುದಿಲ್ಲ, ನಾವು ಎಳೆದಾಗಲೇ ಬೀಳುವುದು. ಧೂಳಿರುವ ಕಾರಿನ ಮೇಲೆ ಕವರ್ ಎಳೆದರೂ ಇದೇ ಕಥೆ. ಗಾಳಿಗೆ ಕವರ್ ಅಲ್ಲಾಡಿದಷ್ಟು ಸಲವೂ ಉಜ್ಜುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯುವವರೆಗೂ ಪೇಂಟಿಗೆ ಮುಟ್ಟಿಸಬೇಡಿ.

ಈಗಾಗಲೇ ಬಿದ್ದಿರುವ ಬಲೆಯನ್ನು ನಯವಾದ ಪಾಲಿಶ್‌ನಿಂದ ಕಡಿಮೆ ಮಾಡಬಹುದು. ಅಂಗೈ ಅಗಲದ ಒಂದೇ ಜಾಗದಲ್ಲಿ ಮೊದಲು ಮಾಡಿ ನೋಡಿ. ಎಲ್ಲಕ್ಕಿಂತ ನಯವಾದದ್ದರಿಂದ ಶುರು ಮಾಡಿ, ಸಾಲದಿದ್ದರೆ ಮಾತ್ರ ಒಂದು ಹಂತ ಒರಟಾದದ್ದು. ಬಾಡಿಯ ಮಡಿಕೆ, ಡೋರಿನ ಅಂಚು ಇಲ್ಲೆಲ್ಲ ಪೇಂಟ್ ಇನ್ನೂ ತೆಳು, ಅಲ್ಲಿಗೆ ಟೇಪ್ ಅಂಟಿಸಿ. ಉಜ್ಜಿದ ಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಮತ್ತೆ ಟಾರ್ಚ್ ಹಿಡಿಯಿರಿ. ಕೆಲವು ಪಾಲಿಶ್‌ಗಳು ಗೀರನ್ನು ತೆಗೆಯುವುದಿಲ್ಲ, ಎಣ್ಣೆ ತುಂಬಿ ಮುಚ್ಚುತ್ತವೆ ಅಷ್ಟೇ. ನಾಲ್ಕು ಸಲ ತೊಳೆದ ಮೇಲೆ ಅದೇ ಗೀರು ಹಾಜರಾಗುತ್ತದೆ. ಪೂರ್ತಿ ಹೋಗಲೇಬೇಕು ಅಂತ ಹಟ ಬೇಡ. ಮುಕ್ಕಾಲು ಭಾಗ ಹೋದರೆ ಅಲ್ಲಿಗೆ ಬಿಡಿ. ಉಳಿದ ಕ್ಲಿಯರ್ ಕೋಟ್ ಮುಂದಿನ ವರ್ಷಗಳಿಗೆ ಬೇಕು.

ಬಿಳಿ ಉಂಗುರ, ನೀರಿನ ಚುಕ್ಕೆ

ಗಡಸು ನೀರು ಒಣಗಿದಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪು ಹಿಂದೆ ಉಳಿಯುತ್ತದೆ. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟ ಕಾರುಗಳಲ್ಲಿ ಇದು ಸಾಮಾನ್ಯ. ಹೊಸ ಚುಕ್ಕೆಯಾದರೆ ಮತ್ತೊಮ್ಮೆ ತೊಳೆದು ಬೇಗ ಒರೆಸಿದರೆ ಹೋಗುತ್ತದೆ. ಹೋಗದಿದ್ದರೆ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಚುಕ್ಕೆಯ ಮೇಲೆ ಒಂದೆರಡು ನಿಮಿಷ ಇಡಿ. ಒಣಗಲು ಬಿಡಬೇಡಿ. ಆಮೇಲೆ ಚೆನ್ನಾಗಿ ನೀರು ಬಿಟ್ಟು ತೊಳೆದು ಒರೆಸಿ, ಅಲ್ಲಿಗೆ ವ್ಯಾಕ್ಸ್ ಹಾಕಿ. ಬ್ಲೀಚ್ ಇರುವ ಯಾವ ಕ್ಲೀನರ್ ಜೊತೆಗೂ ವಿನಿಗರ್ ಬೆರೆಸಬಾರದು. ಕ್ಲೋರಿನ್ ಅನಿಲ ಹುಟ್ಟುತ್ತದೆ, ಉಸಿರಿಗೆ ಅಪಾಯ.

ವಿನಿಗರ್ ಹಾಕಿದ ಮೇಲೂ ಉಂಗುರ ಹಾಗೇ ಇದ್ದು, ಬೆರಳಿಗೆ ಗುಳಿಯ ಹಾಗೆ ಅನಿಸಿದರೆ ಅದು ಈಗ ಕಲೆಯಲ್ಲ. ಕ್ಲಿಯರ್ ಕೋಟ್ ಅಲ್ಲಿ ಕೊರೆದು ಹೋಗಿದೆ. ಪಾಲಿಶ್ ಮಾಡುವವರಿಗೆ ತೋರಿಸಿ.

ಹಕ್ಕಿ ಹಿಕ್ಕೆ, ಹುಳು, ಮರದ ಅಂಟು

ಇಲ್ಲಿ ಗಂಟೆಗಳ ಲೆಕ್ಕ. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಪೇಂಟ್ ಕಾದು ಸ್ವಲ್ಪ ಮೆತ್ತಗಾಗುತ್ತದೆ, ಸಂಜೆ ತಣ್ಣಗಾಗಿ ಬಿಗಿಯುತ್ತದೆ. ಆ ಹೊತ್ತಿಗೆ ಮೇಲೆ ಒಣಗಿದ ಹಿಕ್ಕೆಯ ಆಕಾರಕ್ಕೇ ಕ್ಲಿಯರ್ ಕೋಟ್ ಅಚ್ಚು ಹೊಯ್ದ ಹಾಗೆ ಕೂರುತ್ತದೆ. ಹಿಕ್ಕೆ ತೆಗೆದ ಮೇಲೂ ಅಲ್ಲಿ ಸುಕ್ಕಿನ ಗುರುತು ಉಳಿಯುವುದು ಇದಕ್ಕೇ. ಬೇಸಿಗೆಯಲ್ಲಿ ಒಂದೇ ದಿನ ಸಾಕಾಗಬಹುದು.

ಒಣಗಿದ್ದನ್ನು ಉಗುರಲ್ಲಿ ಕೆರೆಯಬೇಡಿ, ಅದರಲ್ಲಿ ಮರಳು, ಬೀಜದ ಚೂರು ಎಲ್ಲ ಇರುತ್ತದೆ. ನೀರಲ್ಲಿ ನೆನೆಸಿದ ಬಟ್ಟೆಯನ್ನು ಅದರ ಮೇಲೆ ಐದು ಹತ್ತು ನಿಮಿಷ ಹಾಸಿ ಬಿಡಿ. ನೆನೆದ ಮೇಲೆ ಬಟ್ಟೆಯ ಸಮೇತ ಮೇಲಕ್ಕೆ ಎತ್ತಿ, ಅಕ್ಕಪಕ್ಕ ಎಳೆಯಬೇಡಿ. ಉಳಿದದ್ದಕ್ಕೆ ಇನ್ನೊಮ್ಮೆ. ಕೈ ಸೋಪು ಹಾಕಿ ತೊಳೆದುಕೊಳ್ಳಿ, ಹಿಕ್ಕೆಯಿಂದ ಸೋಂಕು ಬರಬಹುದು. ಕಾರಿನಲ್ಲಿ ಒಂದು ನೀರಿನ ಬಾಟಲಿ, ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡರೆ ಈ ಕೆಲಸ ಮನೆ ಮುಟ್ಟುವವರೆಗೆ ಕಾಯಬೇಕಿಲ್ಲ. ಮುಂದಿನ ಬಂಪರ್‌ಗೆ ಅಪ್ಪಚ್ಚಿಯಾದ ಹುಳುಗಳಿಗೂ ಇದೇ ಉಪಾಯ.

ಮರದ ಅಂಟು ಗಟ್ಟಿಯಾಗಿದ್ದರೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಅರ್ಧ ನಿಮಿಷ ಒತ್ತಿ ಹಿಡಿದರೆ ಕರಗುತ್ತದೆ. ತಿನ್ನರ್ ಮಾತ್ರ ಹತ್ತಿರ ತರಬೇಡಿ. ಅದು ಅಂಟಿನ ಜೊತೆ ಪೇಂಟನ್ನೂ ಕರಗಿಸುತ್ತದೆ.

ಕಪ್ಪು ಚುಕ್ಕೆ, ಕಿತ್ತಳೆ ಚುಕ್ಕೆ

ಚಕ್ರದ ಹಿಂದೆ, ಡೋರಿನ ಕೆಳಭಾಗದಲ್ಲಿ ಜಿಗುಟಾದ ಕಪ್ಪು ಚುಕ್ಕೆ ಇದ್ದರೆ ಅದು ರಸ್ತೆಯ ಡಾಂಬರು. ಡಾಂಬರು ತೆಗೆಯುವ ದ್ರಾವಣ ಸಿಗುತ್ತದೆ. ಹಚ್ಚಿ ಒಂದು ನಿಮಿಷ ಬಿಟ್ಟು ಒರೆಸಿ, ಶಾಂಪೂ ಹಾಕಿ ತೊಳೆಯಿರಿ. ಪೆಟ್ರೋಲ್ ಬೇಡ. ಅದರ ಆವಿಗೆ ಒಂದು ಕಿಡಿ ಸಾಕು.

ತಿಳಿ ಬಣ್ಣದ ಕಾರಿನಲ್ಲಿ ಸೂಜಿಮೊನೆಯಷ್ಟು ಕಿತ್ತಳೆ ಚುಕ್ಕೆ ನೋಡಿ ಕಾರೇ ತುಕ್ಕು ಹಿಡಿಯಿತು ಅಂತ ಹೆದರುವವರಿದ್ದಾರೆ. ಹೆಚ್ಚಿನ ಸಲ ಅದು ಹೊರಗಿನಿಂದ ಬಂದ ಕಬ್ಬಿಣದ ಕಣ. ಬ್ರೇಕಿನಿಂದಲೋ ರೈಲು ಹಳಿಯ ಕಡೆಯಿಂದಲೋ ಹಾರಿ ಬಂದು ಪೇಂಟಿಗೆ ಕಚ್ಚಿಕೊಂಡು ಅಲ್ಲೇ ತುಕ್ಕಾಗಿರುತ್ತದೆ. ಕಬ್ಬಿಣದ ಕಣ ತೆಗೆಯುವ ಸ್ಪ್ರೇ ಹಾಕಿದರೆ ಆ ಚುಕ್ಕೆಗಳಿಂದ ನೇರಳೆ ಬಣ್ಣ ಇಳಿಯುತ್ತದೆ. ಬಣ್ಣ ಇಳಿದರೆ ನಿಮ್ಮ ಅನುಮಾನ ಪರಿಹಾರವಾಯಿತು. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಯಲಲ್ಲಿ ಮಾಡಿ, ಗ್ಲೌಸ್ ಹಾಕಿಕೊಳ್ಳಿ, ಒಣಗುವ ಮುಂಚೆ ತೊಳೆದುಬಿಡಿ.

ಒಂದು ಉದ್ದ ಗೀರು ಬಿದ್ದಿದೆ

ಮೊದಲು ಒದ್ದೆ ಬೆರಳಲ್ಲಿ ಗೀರನ್ನು ಸವರಿ. ಒದ್ದೆ ಇರುವಷ್ಟು ಹೊತ್ತು ಗೀರು ಮಾಯವಾದರೆ ಅದು ಕ್ಲಿಯರ್ ಕೋಟ್ ಒಳಗೇ ನಿಂತಿದೆ. ಈಗ ಉಗುರನ್ನು ಗೀರಿಗೆ ಅಡ್ಡಲಾಗಿ ನಿಧಾನಕ್ಕೆ ಎಳೆಯಿರಿ. ಉಗುರು ತಡೆಯದೆ ಜಾರಿ ಹೋದರೆ ಪಾಲಿಶ್‌ಗೆ ಹೋಗುವ ಗೀರು. ಟಕ್ ಅಂತ ಸಿಕ್ಕಿಕೊಂಡರೆ ಆಳ ಜಾಸ್ತಿ. ಅದು ಮಾಯವಾಗುವವರೆಗೆ ಉಜ್ಜಲು ಹೊರಟರೆ ಸುತ್ತಲಿನ ಕ್ಲಿಯರ್ ಕೋಟ್ ಮುಗಿಯುತ್ತದೆ.

ಗೀರು ಗುಳಿಯಾಗಿರದೆ ಉಬ್ಬಿಕೊಂಡಿದೆಯಾ, ಬೇರೆ ಬಣ್ಣ ಇದೆಯಾ? ಹಾಗಿದ್ದರೆ ಒಳ್ಳೆಯ ಸುದ್ದಿ. ಇನ್ನೊಂದು ಗಾಡಿಯದೋ ಗೋಡೆಯದೋ ಬಣ್ಣ ನಿಮ್ಮ ಕಾರಿಗೆ ಹತ್ತಿದೆ. ಕ್ಲೇ ಬಾರ್‌ಗೆ, ಇಲ್ಲವೇ ಸ್ವಲ್ಪ ಪಾಲಿಶ್‌ಗೆ ಬಹುಪಾಲು ಬಿಡುತ್ತದೆ.

ಒದ್ದೆ ಮಾಡಿದರೂ ಬಿಳಿ ಅಥವಾ ಬೂದು ಗೆರೆ ಕಾಣುತ್ತಿದ್ದರೆ ಪ್ರೈಮರ್‌ವರೆಗೆ ಹೋಗಿದೆ. ತಗಡು ಹೊಳೆಯುತ್ತಿದ್ದರೆ ಅಥವಾ ಕಂದು ಬಣ್ಣ ಶುರುವಾಗಿದ್ದರೆ ತಡ ಮಾಡಬೇಡಿ. ಚೆನ್ನಾಗಿ ತೊಳೆದು ಒಣಗಿಸಿ, ಟಚ್ ಅಪ್ ಪೇಂಟ್ ಹಾಕಿ. ನಿಮ್ಮ ಕಾರಿನ ಬಣ್ಣದ ಕೋಡ್ ಸಾಮಾನ್ಯವಾಗಿ ಡೋರಿನ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಇರುವ ಫಲಕದಲ್ಲಿ ಸಿಗುತ್ತದೆ. ಸಣ್ಣ ಕಲ್ಲೇಟಿಗೆ ಬಾಟಲಿಯ ಬ್ರಷ್ ದಪ್ಪವಾಯಿತು, ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಇಡಿ. ಒಣಗಿದ ಮೇಲೆ ಇನ್ನೊಂದು. ಒಂದೇ ಸಲ ದಪ್ಪಗೆ ತುಂಬಿದರೆ ಗುಳ್ಳೆಯ ಹಾಗೆ ಉಬ್ಬುತ್ತದೆ. ಇದು ನೋಡಲು ಹೊಸದರಂತಾಗುವುದಿಲ್ಲ, ಆದರೆ ತುಕ್ಕು ಒಳಗೆ ಹೋಗದಂತೆ ಬಾಗಿಲು ಹಾಕುತ್ತದೆ. ಪ್ಲಾಸ್ಟಿಕ್ ಬಂಪರ್ ಮೇಲಿನ ಗೀರಿಗೆ ಇಷ್ಟು ಅವಸರ ಇಲ್ಲ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ.

ಪೇಂಟ್ ಉಬ್ಬಿದೆ, ಗುಳ್ಳೆ ಎದ್ದಿದೆ

ಇದು ಅಡಿಯಿಂದ ಬಂದದ್ದು. ಡೋರಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು ಇಲ್ಲೇ ಮೊದಲು ಕಾಣುವುದು. ಮೇಲೆ ಕಡಲೆ ಗಾತ್ರದ ಗುಳ್ಳೆ ಇದ್ದರೆ ಒಳಗೆ ತುಕ್ಕು ಅದಕ್ಕಿಂತ ಅಗಲವಾಗಿ ಹರಡಿರುತ್ತದೆ. ಮೇಲೆ ಪೇಂಟ್ ಬಳಿದರೆ ಕೆಲವು ತಿಂಗಳು ಮರೆಯಾಗಿ ಮತ್ತೆ ಏಳುತ್ತದೆ.

ಟಿಂಕರಿಂಗ್ ಅಂಗಡಿಗೆ ಹೋಗುವ ಮೊದಲು ಡೋರಿನ ಅಡಿ ಬಗ್ಗಿ ನೋಡಿ. ಅಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹೊರಗೆ ಹೋಗಲು ಇರುವ ದಾರಿ ಅದು. ಮಣ್ಣು, ಎಲೆ ಕಟ್ಟಿಕೊಂಡರೆ ನೀರು ಡೋರಿನೊಳಗೇ ನಿಂತು ಒಳಗಿನಿಂದ ಕೊಳೆಸುತ್ತದೆ. ತೆಳು ಪ್ಲಾಸ್ಟಿಕ್ ಕಡ್ಡಿಯಲ್ಲಿ ಬಿಡಿಸಿ. ಕಬ್ಬಿಣದ ತಂತಿ ಹಾಕಿದರೆ ಒಳಗಿನ ಲೇಪ ಕೆರೆದು ಹೋಗುತ್ತದೆ. ಕೆಲವೊಮ್ಮೆ ಅರ್ಧ ಲೋಟ ಕೆಸರು ನೀರು ಸುರಿಯುತ್ತದೆ. ಈ ತೂತು ಬಿಡಿಸದೆ ಎಷ್ಟು ಚೆನ್ನಾಗಿ ಪೇಂಟ್ ಮಾಡಿಸಿದರೂ ಗುಳ್ಳೆ ವಾಪಸ್ ಬರುತ್ತದೆ.

ಹಿಂದೆ ಪೇಂಟ್ ಮಾಡಿಸಿದ ಜಾಗದಲ್ಲಿ ಮಾತ್ರ ಸಾಸಿವೆಯಂಥ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದಿದ್ದರೆ ತುಕ್ಕೇ ಅಂತಲ್ಲ, ಪೇಂಟ್ ಮಾಡುವಾಗ ಅಡಿಯಲ್ಲಿ ತೇವವೋ ಜಿಡ್ಡೋ ಉಳಿದಿರಬಹುದು. ಮಾಡಿದವರ ಬಳಿಯೇ ಕಾರು ತೆಗೆದುಕೊಂಡು ಹೋಗಿ ತೋರಿಸಿ.

ತುಕ್ಕು ಡೋರುಗಳ ಕೆಳಗಿನ ಉದ್ದ ಪಟ್ಟಿಯಲ್ಲೋ, ಕಾರಿನ ನೆಲದಲ್ಲೋ, ಸೀಟ್ ಬೆಲ್ಟ್ ಅಥವಾ ಸಸ್ಪೆನ್ಷನ್ ಬಿಗಿದಿರುವ ಜಾಗದಲ್ಲೋ ಕಂಡರೆ ಅದು ಅಂದಚಂದದ ವಿಷಯ ಅಲ್ಲ. ಅಪಘಾತದಲ್ಲಿ ನಿಮ್ಮನ್ನು ಹಿಡಿದಿಡಬೇಕಾದ ಭಾಗಗಳು ಅವು. ಬೇಗ ಮೆಕ್ಯಾನಿಕ್‌ಗೆ ತೋರಿಸಿ. ನೋಡುವ ಆತುರದಲ್ಲಿ ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ನುಗ್ಗಬೇಡಿ.

ಮೇಲ್ಪದರ ಸಿಪ್ಪೆಯ ಹಾಗೆ ಏಳುತ್ತಿದೆ

ಬಾನೆಟ್, ಛಾವಣಿ, ಕನ್ನಡಿಯ ಮೇಲ್ಭಾಗ, ಹೀಗೆ ಬಿಸಿಲು ನೇರ ಬೀಳುವಲ್ಲಿ ಮೊದಲು ಹಾಲಿನಂಥ ಮಚ್ಚೆ, ಆಮೇಲೆ ಅಂಚು ಕಿತ್ತ ಸಿಪ್ಪೆ. ಕ್ಲಿಯರ್ ಕೋಟ್ ಬಣ್ಣವನ್ನು ಬಿಟ್ಟು ಏಳುತ್ತಿದೆ. ಇದಕ್ಕೆ ಮನೆಮದ್ದಿಲ್ಲ. ಪಾಲಿಶ್ ಮಾಡಿದರೆ, ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಸಿಪ್ಪೆ ಇನ್ನೂ ದೊಡ್ಡದಾಗುತ್ತದೆ. ಆ ಭಾಗವನ್ನು ಮತ್ತೆ ಪೇಂಟ್ ಮಾಡಿಸಲೇಬೇಕು.

ಡಬ್ಬಿ ಸ್ಪ್ರೇ ತಂದು ಮನೆಯಲ್ಲೇ ಹೊಡೆಯೋಣ ಅನಿಸಬಹುದು. ಗಟ್ಟಿಕಾರಕ ಬೆರೆಸುವ ಕ್ಲಿಯರ್ ಕೋಟ್‌ಗಳಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಲ್ಲಿ ಸೇರಿದರೆ ಆಸ್ತಮಾ ತರಬಲ್ಲ ವಸ್ತು ಅದು. ಧೂಳಿಗೆ ಹಾಕುವ ಮಾಸ್ಕ್ ಅದನ್ನು ತಡೆಯುವುದಿಲ್ಲ. ಈ ಕೆಲಸ ಪೇಂಟ್ ಬೂತ್ ಇರುವವರದ್ದು.

ಹೋದಾಗ ಪೇಂಟ್ ದಪ್ಪ ಅಳೆಯುವ ಮೀಟರ್ ಇದೆಯಾ ಅಂತ ಕೇಳಿ. ಪಾಲಿಶ್‌ಗೆ ಕೊಡುವಾಗಲೂ ಕೇಳಿ. ಮೀಟರ್ ಉಳಿದ ಭಾಗಕ್ಕಿಂತ ತುಂಬಾ ಜಾಸ್ತಿ ತೋರಿಸಿದರೆ ಅಲ್ಲಿ ಹಿಂದೆ ಪೇಂಟ್ ಅಥವಾ ಪುಟ್ಟಿ ಕೆಲಸ ಆಗಿದೆ. ತುಂಬಾ ಕಡಿಮೆ ತೋರಿಸಿದರೆ ಅಲ್ಲಿ ಇನ್ನು ಮೆಷಿನ್ ಇಡಬಾರದು. ಹೊಸ ಪೇಂಟ್ ಆದ ಮೇಲೆ ವ್ಯಾಕ್ಸ್ ಯಾವಾಗ ಹಾಕಬಹುದು ಅಂತ ಅವರ ಬಾಯಿಂದಲೇ ಕೇಳಿಕೊಂಡು ಬನ್ನಿ. ಒಳಗಿನ ದ್ರಾವಕ ಆರಿ ಹೋಗಲು ಸಾಮಾನ್ಯವಾಗಿ ಒಂದು ತಿಂಗಳಾದರೂ ಬಿಡಲು ಹೇಳುತ್ತಾರೆ. ಅಲ್ಲಿಯವರೆಗೆ ನೆರಳಲ್ಲಿ ತಣ್ಣೀರು, ಮೆತ್ತನೆ ಬಟ್ಟೆ, ಹಿಕ್ಕೆ ಬಿದ್ದರೆ ಆ ಕ್ಷಣವೇ ನೀರು.